ಅಂಕಿ ಹೇಳುವ ಡೆಸ್ಮಂಡ್

ಮೇಲಿಂದ ಮೇಲೆ ಭೂಕಂಪವಾಗುತ್ತಿದ್ದ ಆ ವರ್ಷಗಳಲ್ಲಿ ನಮ್ಮೂರು ಕ್ರೈಸ್ಟ್‌ಚರ್ಚಿನ ಜನಕ್ಕೆಲ್ಲ ಒಂದು ವಿದ್ಯೆ ಒಲಿದಿತ್ತು: ನೆಲ ಅಲುಗಿದ ಕೂಡಲೇ ಕಂಪನದ ತೀವ್ರತೆಯ ಅಂಕಿ ಹೇಳುವುದು. ಅದರಲ್ಲಿ ನಮ್ಮ ಬೀದಿಗೆ ಡೆಸ್ಮಂಡ್ ಎಂಬ ನಾನೇ ಪಂಡಿತ. ಕಪಾಟಿನ ಬಟ್ಟಲು ಕಿಣಿಕಿಣಿ ಎಂದರೆ "ಮೂರು ಪಾಯಿಂಟ್ ಆರು" ಎನ್ನುತ್ತಿದ್ದೆ. ರೇಡಿಯೋದವರು ಬೇರೆ ಅಂಕಿ ಹೇಳಿದರೆ ಅವರ ಯಂತ್ರ ಕೆಟ್ಟಿದೆ ಎಂದೇ ನನ್ನ ತೀರ್ಮಾನ. ಚಿಮಣಿ ಮುರಿದು ಅಡುಗೆಮನೆಗೆ ಬಿದ್ದ ದಿನವೂ ನನ್ನ ಬಾಯಿಂದ ಹೊರಟದ್ದು "ಆರರ ಮೇಲಿದೆ!" ಎಂಬ ಮಾತು. ನನ್ನ ಹೆಂಡತಿ ನೊಯ್ಲೀನ್ ಆಗ ಮೇಜಿನ ಕೆಳಗೆ ನಡುಗುತ್ತಿದ್ದಳು.

ಅದಾದ ಮೇಲೆ ಟಿಮಾರು ಎಂಬ ಊರಿನಲ್ಲಿದ್ದ ತನ್ನ ತಂಗಿಯ ಮನೆಗೆ ವಾರದ ಮಟ್ಟಿಗೆಂದು ಹೋದವಳು ಅಲ್ಲೇ ಉಳಿದುಬಿಟ್ಟಳು. ಇಲ್ಲಿ ಹಳೆಯ ಮನೆ ಕೆಡವಿ ಹೊಸದು ಕಟ್ಟಿದರು. ನಾನು ಎಷ್ಟು ಮುತುವರ್ಜಿಯಿಂದ ಮೇಲುಸ್ತುವಾರಿ ಮಾಡಿದೆನೆಂದರೆ, ನನ್ನನ್ನು ಕಂಡ ಕೂಡಲೇ ಕೆಲಸದವರು ಲಾರಿಯ ಹಿಂದೆ ಅಡಗುತ್ತಿದ್ದರು. ಆದರೂ ಮನೆ ಎದ್ದಿತು.

"ನೆಲ ಈಗ ಸತ್ತು ಮಲಗಿದೆ, ಬಾ ಮಾರಾಯ್ತಿ," ಎಂದು ಫೋನಿನಲ್ಲಿ ಗೋಗರೆದೆ.

"ನೋಡ್ಕೊಂಡು ಹೋಗ್ತೀನಿ ಅಷ್ಟೆ. ಇರ್ತೀನಿ ಅಂದಿಲ್ಲ."

ಪ್ರತಿ ವರ್ಷ ಭೂಕಂಪದ ದಿನ ಬಂದರೆ ನಮ್ಮೂರಿನವರು ಸತ್ತವರ ನೆನಪಿಗೆ ರಸ್ತೆ ದುರಸ್ತಿಯವರ ಕಿತ್ತಳೆ ಬಣ್ಣದ ಕೋನುಗಳಿಗೆ ಹೂ ಸಿಕ್ಕಿಸುತ್ತಾರೆ. ಅದು ಆ ದಿನವಲ್ಲದಿದ್ದರೂ ನಾನು ಗೇಟಿನ ಮುಂದಿನ ಕೋನಿಗೆ ಗುಲಾಬಿ ಸಿಕ್ಕಿಸಿ ಕಾದೆ.

ಕಾರಿನಿಂದ ಇಳಿದವಳೇ, "ಯಾರು ಸತ್ತರು?" ಎಂದಳು.

ಅವಳ ಬ್ಯಾಗು ಕಾರಿನಲ್ಲೇ ಉಳಿಯಿತು. ಅದು ಒಳಗೆ ಬರುತ್ತದೋ ಇಲ್ಲವೋ ಎಂಬುದೇ ನನ್ನ ಚಿಂತೆ. ಚೀಸ್ ಸ್ಕೋನ್ ಎಂಬ ಬನ್ನು ಕೊಟ್ಟು ಚಹಾ ಬಗ್ಗಿಸಿದೆ. ಈ ಅಡಿಪಾಯ ಎಂಥ ಕಂಪನಕ್ಕೂ ಜಗ್ಗುವುದಿಲ್ಲ ಎಂದು ಭಾಷಣ ಬಿಗಿಯುತ್ತಿದ್ದಾಗಲೇ ಬಟ್ಟಲುಗಳು ಕಿಣಿಕಿಣಿ ಎಂದವು.

ಮರುಕ್ಷಣ ನಾನು ಮೇಜಿನ ಕೆಳಗಿದ್ದೆ. ಸ್ಕೋನನ್ನು ಮಾತ್ರ ಕೈಬಿಟ್ಟಿರಲಿಲ್ಲ.

ಬಾಗಿಲು ಬಡಿದ ಸದ್ದಾಯಿತು. ನೊಯ್ಲೀನ್ ಹೋಗಿ ತೆರೆದಳು. ರಸ್ತೆ ಕೆಲಸದ ಹುಡುಗ ತಾಮತಿ ನಿಂತಿದ್ದ. "ಸಾರಿ ಆಂಟಿ, ರೋಲರ್ ಓಡಿಸ್ತಾ ಇದೀವಿ. ತುಂಬಾ ಅಲ್ಲಾಡ್ತಾ?"

"ಏನಿಲ್ಲಪ್ಪ. ನಮ್ಮ ಯಜಮಾನರು ಕೆಳಗೇನೋ ಹುಡುಕ್ತಾ ಇದಾರೆ."

ಬಾಗಿಲು ಹಾಕಿ ಬಂದು ಬಗ್ಗಿ ನೋಡಿದಳು. "ಎಷ್ಟಪ್ಪ ಪಂಡಿತ? ಹೇಳು ಅಂಕಿ."

ನಾಲ್ಕು ಪಾಯಿಂಟ್ ಎರಡು ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ಹೊರಗೆ ಬರಲಿಲ್ಲ.

"ಗೊತ್ತಿಲ್ಲ ಕಣೇ. ಹೆದರಿಕೆ ಆಯ್ತು. ಆಗ್ಲೂ ಅಷ್ಟೆ, ಪ್ರತಿ ಸಲಾನೂ ಜೀವ ಬಾಯಿಗೆ ಬರ್ತಿತ್ತು."

ನಗುತ್ತಾಳೆ ಎಂದುಕೊಂಡೆ. ಅವಳು ನಗಲಿಲ್ಲ. ಮಂಡಿಯನ್ನು ಬೈದುಕೊಳ್ಳುತ್ತ ಕೆಳಗಿಳಿದಳು.

"ಸರ್ಕೋ," ಎಂದಳು. ಪಕ್ಕಕ್ಕೆ ಬಂದು ಕೂತು, "ಈ ಊರಲ್ಲಿ ಹೆದರ್ಕೊಳ್ಳೋಳು ನಾನೊಬ್ಬಳೇ ಅಂದ್ಕೊಂಡಿದ್ದೆ ಕಣೋ. ಅದಕ್ಕೇ ಹೋಗಿದ್ದು."

ರೋಲರ್ ಮತ್ತೆ ಗುಡುಗಿತು. ಅವಳು ನನ್ನ ಕೈ ಹಿಡಿದುಕೊಂಡಳು. ನನಗೆ ಅಳು ಬಂತು. ಸ್ಕೋನ್ ಗಂಟಲಲ್ಲಿ ಸಿಕ್ಕಿದೆ ಎಂದು ಸುಳ್ಳು ಹೇಳಿದೆ. ಅವಳು ನಂಬಲಿಲ್ಲ.

"ಈ ಮೇಜು ಇಬ್ರಿಗೆ ಸಾಲಲ್ಲ," ಎಂದಳು. "ದೊಡ್ಡದು ತರೋಣ. ಮೊದ್ಲು ಹೋಗಿ ಕಾರಿಂದ ನನ್ ಬ್ಯಾಗ್ ತಗೊಂಬಾ."

ಗಡಿಬಿಡಿಯಲ್ಲಿ ಎದ್ದವನ ತಲೆ ಮೇಜಿಗೆ ಧಡ್ಡನೆ ಬಡಿಯಿತು. ಮೇಲೆ ಬಟ್ಟಲುಗಳೆಲ್ಲ ಕಿಣಿಕಿಣಿ ಎಂದವು.

"ಎರಡು ಪಾಯಿಂಟ್ ಐದು," ಎಂದಳು ನೊಯ್ಲೀನ್.