ತಮ್ಮನ ಗೈರುಹಾಜರಿ

ತೆರಿಗೆ ಹಗುರವಾಗಿರಬೇಕು, ಮನೆಯ ವಿಷಯದಲ್ಲಿ ಸರ್ಕಾರ ಮೂಗು ತೂರಿಸಬಾರದು, ಹಿರಿಯರು ಕಟ್ಟಿದ್ದನ್ನು ಸುಮ್ಮನೆ ಕೆಡವಬಾರದು ಎಂದು ನಂಬಿದವರದೊಂದು ಸಂಘವಿತ್ತು. ಶಾಸಕರು ಸದನದಲ್ಲಿ ಹಾಕಿದ ಮತಗಳನ್ನು ಇದೇ ಅಳತೆಯಲ್ಲಿ ತೂಗಿ ಸಂಘ ಪ್ರತಿವರ್ಷ ಅಂಕ ಪ್ರಕಟಿಸುತ್ತಿತ್ತು. ಅಂಕ ಕೊಡುವವಳು ಒಬ್ಬ ನಿವೃತ್ತ ಗಣಿತ ಶಿಕ್ಷಕಿ. ಈ ಸಲ ಅವಳ ತಮ್ಮನೇ ಶಾಸಕನಾಗಿದ್ದ. ಬೇರೆ ಯಾರಿಗಾದರೂ ಒಪ್ಪಿಸಿ ಎಂದು ಅವಳು ಕೇಳಿಕೊಂಡರೆ, "ನಿಮ್ಮ ಕೈ ಅಳುಕಲ್ಲ ಬಿಡಿ" ಎಂದು ಅಧ್ಯಕ್ಷರು ನಕ್ಕಿದ್ದರು.

ಭಾನುವಾರ ಬೆಳಿಗ್ಗೆ ತಮ್ಮ ಅವಳ ಮನೆಗೆ ಬಂದು ಪಟ್ಟಿ ನೋಡಿದ. ಇಪ್ಪತ್ತಕ್ಕೆ ಹತ್ತೊಂಬತ್ತು. ತೆರಿಗೆ ಏರಿಸುವ ಮಸೂದೆಯ ಮುಂದೆ ಮಾತ್ರ 'ಗೈರು' ಎಂದಿತ್ತು. ಅದು ಒಂದೇ ಮತದ ಅಂತರದಲ್ಲಿ ಪಾಸಾಗಿತ್ತು.

"ಅಕ್ಕಾ, ಅವತ್ತು ಅಮ್ಮನ ಆಪರೇಷನ್. ಫೋನ್ ಮಾಡಿ ಕರೆದೋಳು ನೀನೇ."

"ಹೌದು, ಕೈಕಾಲೇ ಆಡ್ಲಿಲ್ಲ, ಕರೆದೆ."

"ಮನೆ ಮೊದಲು ಅನ್ನೋರೂ ನಿಮ್ಮ ಸಂಘದೋರೇ ತಾನೆ?"

"ನೀನು ಬಂದಿದ್ದು ಸರಿನೇ ಕಣೋ. ಆದ್ರೆ ಹಾಕದೇ ಇರೋ ಮತಕ್ಕೆ ಅಂಕ ಹೇಗೆ ಕೊಡ್ಲಿ?"

ಅವನು ಮುಖ ಊದಿಸಿಕೊಂಡು ಅಮ್ಮನ ಕೋಣೆಗೆ ಹೋದ. ಅವಳಿಗೆ ಸಂಕಟವಾಯಿತು, ಆದರೂ ಅಂಕ ತಿದ್ದಲಿಲ್ಲ. ಪಟ್ಟಿಯ ಕೆಳಗೆ ಬರೆದಳು: 'ಈ ಶಾಸಕ ನನ್ನ ತಮ್ಮ. ಆ ದಿನ ತಾಯಿಯ ಶಸ್ತ್ರಚಿಕಿತ್ಸೆಗೆಂದು ಅವನನ್ನು ಸದನದಿಂದ ಕರೆಸಿದವಳು ನಾನು.'

ತಮ್ಮ ಕೋಣೆಯಿಂದ ಹೊರಗೆ ಬಂದು ಅದನ್ನು ಓದಿದ.

"ಇದನ್ನ ಹಾಕಿದ್ರೆ ಜನ ನಿನ್ನನ್ನೂ ಬೈತಾರೆ."

"ಬೈಲಿ. ಬೈಗುಳ ಎಲ್ಲಾ ನೀನೊಬ್ಬನೇ ಯಾಕೆ ತಿನ್ನಬೇಕು?"

ಅವನಿಗೆ ನಗು ಬಂತು. ಪಟ್ಟಿಯನ್ನು ಮಡಚಿ, ಸಂಘಕ್ಕೆ ಕಳಿಸುವ ಲಕೋಟೆಗೆ ತಾನೇ ಹಾಕಿ ಅಂಟಿಸಿದ.