ಮೂರನೆಯದು ಕುದುರೆ

ಯಾರೋ ಅದು, ಆ ಪಾರ್ಕು ಮೊದಲಿಂದ್ಲೂ ಇತ್ತು, ತಾತನಿಗೆ ಅರಳುಮರಳು ಅಂತ ಗ್ರೂಪಲ್ಲಿ ಹಾಕಿದವನು? ನಿನ್ನೆ ಏನು ತಿಂದೆ ಅಂತ ನಿಂಗೆ ನೆನಪಿದೆಯೇನೋ? ಡೆಲ್ಮರ್ ಪ್ರಿಚೆಟ್ ಮನೆ ಎದುರಿಗೆ ಮೂವತ್ತೊಂದು ವರ್ಷ ಇದ್ದೋನು ನಾನು. ಅರ್ಧ ಕಣ್ಣಾರೆ ಕಂಡಿದ್ದು, ಇನ್ನರ್ಧ ಅವನೇ ಹೇಳಿದ್ದು. ಬಾಯಿ ಮುಚ್ಕೊಂಡು ಕೇಳು.

ಜಾರ್ಜಿಯಾದಲ್ಲಿ ನಮ್ಮದು ಒಂದು ಹಿಡಿ ಊರು. ಡೆಲ್ಮರ್ ಅಲ್ಲಿ ಪುರಸಭೆ ಕೆಲಸದವನು. ಗುಂಡಿ ಮುಚ್ಚೋದು, ಬೋರ್ಡು ನೆಡೋದು, ಹುಲ್ಲು ಕತ್ತರಿಸೋದು. ಅವನ ತಮ್ಮ ಲೋನಿ. ಅವನ ವಿಷಯ ನಾನು ಸುತ್ತಿ ಬಳಸಿ ಹೇಳಲ್ಲ. ಪಕ್ಕದ ಬೀದಿಯ ರಾನೆಲ್ ಅನ್ನೋ ಹುಡುಗಿಯನ್ನ, ಒಂಬತ್ತು ವರ್ಷದ ಮಗು ಅದು, ಕೆಡಿಸಿದ್ದ. ಹದಿನೆಂಟು ವರ್ಷ ಜೈಲಲ್ಲಿ ಕೊಳೆತ. ಆಚೆ ಬರೋ ಹೊತ್ತಿಗೆ ಶ್ವಾಸಕೋಶ ಮುಗಿದುಹೋಗಿತ್ತು, ಮೂಗಿಗೆ ಆಕ್ಸಿಜನ್ ಪೈಪು.

ಅಂಥವರು ಶಾಲೆ, ಚರ್ಚು, ಮಕ್ಕಳ ಪಾರ್ಕು ಇವುಗಳ ಸಾವಿರ ಅಡಿ ಒಳಗೆ ವಾಸ ಮಾಡೋ ಹಾಗಿಲ್ಲ. ಶೆರಿಫ್ ಕಡೆಯವರು ಬಂದು ಅಳೆದರು, ಡೆಲ್ಮರ್ ಮನೆ ಹೇಗೋ ಪಾಸಾಯ್ತು. ಕ್ರಿಸ್‌ಮಸ್ ಕಂಡ್ರೆ ಅದೇ ಹೆಚ್ಚು ಅಂದಿದ್ರು ಡಾಕ್ಟ್ರು. "ಒಂದು ಮಂಚದ ಮೇಲೆ ಸಾಯ್ತೀನಿ ಕಣಣ್ಣ, ಅಷ್ಟು ಸಾಕು" ಅಂದಿದ್ದ ಲೋನಿ.

ಊರು ಬಿಡುತ್ತಾ? ನಮ್ಮ ಬೀದಿ ಕೊನೇಲಿ ಖಾಲಿ ಜಾಗ ಇತ್ತಲ್ಲ, ಅಲ್ಲಿ ಮಕ್ಕಳ ಪಾರ್ಕು ಆಗ್ಲಿ ಅಂತ ಎಲ್ಲರೂ ಕೈ ಎತ್ತಿದ್ರು. ಬೀದೀಲಿ ಒಂದು ಮಗು ಇಲ್ಲ! ಇದ್ದದ್ದು ನಾಲ್ಕು ಜನ ವಿಧವೆಯರು, ನಾನು, ಒಂದು ಕುಂಟು ನಾಯಿ. ಯಾತಕ್ಕೆ ಪಾರ್ಕು ಅಂತ ನಾಯಿಗೂ ಗೊತ್ತಿತ್ತು.

"ಈ ಪಾರ್ಕಿನ ಕೆಲಸಕ್ಕೆ ಬೇರೆ ಯಾರನ್ನಾದ್ರೂ ಹಾಕ್ಲೇನಯ್ಯ?" ಅಂತ ಮೇಸ್ತ್ರಿ ಫ್ಯಾರಿಸ್ ಕೇಳಿದ.

"ಬೇಡ, ನಾನೇ ಮಾಡ್ತೀನಿ" ಅಂದ ಡೆಲ್ಮರ್.

ಯಾಕೆ ಹೇಳು? ಆಟದ ಸಾಮಾನು ಮೂರಿದ್ರೇನೇ ಪಾರ್ಕು, ಎರಡಿದ್ರೆ ಬರೀ ಖಾಲಿ ಜಾಗ ಅಂತಿತ್ತು ನಮ್ಮೂರ ಕಾನೂನಲ್ಲಿ. ಉಯ್ಯಾಲೆ ನಿಲ್ಲಿಸಿದ, ಜಾರುಬಂಡೆ ನಿಲ್ಲಿಸಿದ. ಮೂರನೆಯದು ಸ್ಪ್ರಿಂಗ್ ಮೇಲೆ ಕುಣಿಯೋ ಕುದುರೆ. ಅದನ್ನ ತನ್ನ ಶೆಡ್ಡಲ್ಲಿ ಟಾರ್ಪಾಲಿನ ಅಡಿ ಬಚ್ಚಿಟ್ಟು, ಬೋಲ್ಟ್ ಬಂದಿಲ್ಲ ಅಂದ. ಒಂದು ವಾರ ಆಯ್ತು, ನಾಲ್ಕು ವಾರ ಆಯ್ತು.

"ಏನಯ್ಯ, ಆ ಬೋಲ್ಟೇನು ಚೀನಾದಿಂದ ನಡ್ಕೊಂಡು ಬರ್ತಿದೆಯಾ?" ಅಂತ ಫ್ಯಾರಿಸ್ ನಕ್ಕ. ಅವನಿಗೂ ಗೊತ್ತಿತ್ತು, ಪಾಪ.

ನವೆಂಬರಲ್ಲಿ ಒಂದು ಮಧ್ಯಾಹ್ನ ಡೆಲ್ಮರ್ ಜಾರುಬಂಡೆಗೆ ಬಣ್ಣ ಹೊಡೀತಿದ್ದಾನೆ. ಒಣಗಿದ ಬಣ್ಣದ ಮೇಲೇ ಇನ್ನೊಂದ್ಸಲ! ರಾನೆಲ್ ಬಂದು ನಿಂತಳು. ಈಗ ಇಪ್ಪತ್ತೆಂಟರ ಹೆಂಗಸು, ಅಂಗಡೀಲಿ ಬಿಲ್ ಹಾಕೋ ಕೆಲಸ.

"ಅಂಕಲ್, ಬೋಲ್ಟ್ ಬರ್ಲಿಲ್ವಾ?"

"ಇಲ್ಲಮ್ಮ."

"ನಿಮ್ಮ ಶೆಡ್ ಬಾಗಿಲು ತೆಗೆದಿತ್ತು. ಕುದುರೆ ಕಿವಿ ಕಾಣ್ತಿತ್ತು."

ಡೆಲ್ಮರ್ ಬ್ರಷ್ ಕೆಳಗಿಟ್ಟ. "ಅವನಿಗೆ ಎದ್ದು ನಿಲ್ಲೋಕೂ ಆಗಲ್ಲಮ್ಮ. ಇನ್ನೊಂದು ತಿಂಗಳು..."

"ಗೊತ್ತು. ಏನೂ ಮಾಡಲ್ಲ ಅಂತಾನೂ ಗೊತ್ತು. ಆದ್ರೆ ನಾನು ದಿನಾ ಇದೇ ಬೀದೀಲಿ ಹೋಗ್ಬೇಕಲ್ಲ. ಕಿಟಕೀಲಿ ಆ ಮುಖ ಕಂಡ ತಕ್ಷಣ ನಂಗೆ ಒಂಬತ್ತೇ ವರ್ಷ ಆಗ್ಬಿಡುತ್ತೆ. ಅವತ್ತು ಕೋರ್ಟಲ್ಲಿ ನೀವು ಅವನ ಹಿಂದೆ ಕೂತಿದ್ರಿ. ಒಂದ್ಸಲ, ಒಂದೇ ಒಂದ್ಸಲ ನನ್ನ ಕಡೆ ತಿರುಗಿದ್ರಾ?"

"ಇಲ್ಲ."

ಅವಳು ಹೊರಟುಹೋದಳು. ಬೈದಿದ್ರೆ ಎಷ್ಟೋ ವಾಸಿಯಿತ್ತು ಅಂತಿದ್ದ ಡೆಲ್ಮರ್.

ಅವತ್ತೇ ಡೆಲ್ಮರ್ ಕುದುರೆ ತಂದು ನಿಲ್ಲಿಸಿದ. ನಾಲ್ಕು ಬೋಲ್ಟು, ಅರ್ಧ ಗಂಟೆ ಕೆಲಸ. ಮನೆಗೆ ಬಂದ್ರೆ ಲೋನಿ ಕಿಟಕಿ ಹತ್ರಾನೇ ಕೂತಿದ್ದಾನೆ.

"ಮುಗೀತಾ?"

"ಹೂಂ."

"ಯಾರು ಹೇಳಿದ್ದು? ಫ್ಯಾರಿಸಾ?"

"ರಾನೆಲ್."

ಲೋನಿ ಮೂಗಿನ ಪೈಪು ಸರಿಮಾಡ್ಕೊಂಡ, ಮಷೀನು ಬುಸ್ ಬುಸ್ ಅಂತಿತ್ತು. ಆಮೇಲೆ "ಹಾಗಾದ್ರೆ ಸರಿ" ಅಂದ. ಆ ಮಾತಿಗೆ ಡೆಲ್ಮರ್‌ಗೆ ಅವನ ಕೆನ್ನೆಗೆ ಬಾರಿಸ್ಬೇಕು ಅನ್ನಿಸ್ತಂತೆ, ತಬ್ಕೊಂಡು ಅಳ್ಬೇಕು ಅಂತಾನೂ ಅನ್ನಿಸ್ತಂತೆ. ಡೆಲ್ಮರ್ ಎರಡೂ ಮಾಡದೆ ಕೈ ತೊಳ್ಕೊಂಡ.

ಪಾರ್ಕು ಆಯ್ತಲ್ಲ, ಲೋನಿ ಮನೆ ಬಿಡೋಕೆ ಶೆರಿಫ್ ಕಡೆಯವರು ಕೊಟ್ಟದ್ದು ಮೂರು ದಿನ ಗಡುವು. ವೃದ್ಧಾಶ್ರಮದವರು ಬೇಡ ಅಂದ್ರು, ಆಸ್ಪತ್ರೆಯವರು ಜಾಗ ಇಲ್ಲ ಅಂದ್ರು, ಎರಡು ಲಾಡ್ಜಿಗೂ ಪಕ್ಕದಲ್ಲೇ ಚರ್ಚು. ಕಡೆಗೆ ಹೆದ್ದಾರಿ ಪಕ್ಕದ ಪೈನ್ ಕಾಡು, ಅಂಥವರೇ ಟೆಂಟ್ ಹಾಕ್ಕೊಂಡಿರೋ ಜಾಗ. ಡೆಲ್ಮರ್ ತನ್ನ ಪಿಕಪ್ಪನ್ನ ಅಲ್ಲೇ ಬಿಟ್ಟ. ಅದರ ಬ್ಯಾಟರಿಗೆ ಆಕ್ಸಿಜನ್ ಮಷೀನು, ಸೀಟೇ ಹಾಸಿಗೆ. ದಿನಾ ಬೆಳಿಗ್ಗೆ ಯಾರನ್ನಾದ್ರೂ ಕೇಳ್ಕೊಂಡು ಅವರ ಗಾಡೀಲಿ ಜೋಳದ ಗಂಜಿ ತಗೊಂಡು ಹೋಗೋನು. ಒಂಬತ್ತನೇ ಬೆಳಿಗ್ಗೆ ಹಿಮ ಬಿದ್ದಿತ್ತು. ಬ್ಯಾಟರಿ ಖಾಲಿಯಾಗಿ ಮಷೀನು ನಿಂತಿತ್ತು. ಲೋನಿ ತಣ್ಣಗಾಗಿದ್ದ. ಗಂಜಿ ಇನ್ನೂ ಬಿಸಿ ಇತ್ತು ಕಣೋ ಅಂದ ನನ್ನ ಹತ್ರ, ಅಷ್ಟೇ ಅಂದಿದ್ದು.

ರಾನೆಲ್‌ಗಾದ್ರೂ ನಿದ್ದೆ ಬಂತಾ? ಎಲ್ಲಿ ಬರುತ್ತೆ. ಅವಳು ಬಂದುಹೋದ ಮೇಲೇ ಕುದುರೆ ನಿಂತದ್ದನ್ನ ಬೀದಿಯೆಲ್ಲ ನೋಡಿತ್ತು. ಪಾರ್ಕಿಗೆ ಕೈ ಎತ್ತಿದವರ ಬಾಯಿಗಳೇ ಬಿಲ್ ಕೌಂಟರಲ್ಲಿ ನಿಂತು "ಸಾಯೋನನ್ನ ಕಾಡಿಗೆ ಅಟ್ಟಿದೆಯಲ್ಲೇ, ಸಮಾಧಾನ ಆಯ್ತಾ?" ಅಂದ್ವು. ಒಂದು ಸಲ ಅಲ್ಲ, ಚಳಿಗಾಲ ಪೂರ್ತಿ. ಡೆಲ್ಮರ್ ಮಾತಾಡ್ಬೇಕು ಅಂತ ಅವಳ ಮನೆಗೆ ಹೋದಾಗ ಬೀಗ. ಊರೇ ಬಿಟ್ಟಿದ್ದಳು. ಡೆಲ್ಮರೂ ಹೋದ ವರ್ಷ ತೀರಿಹೋದ.

ಲೋನಿಯನ್ನ ಕೊಂದದ್ದು ನೀನಲ್ಲಮ್ಮ ಅಂತ ರಾನೆಲ್‌ಗೆ ಇವತ್ತಿನವರೆಗೂ ಯಾರೂ ಹೇಳಿಲ್ಲ. ನಾನೂ ಹೇಳಿಲ್ಲ, ಎದುರು ಮನೇಲೇ ಇದ್ದೆ. ಅದಕ್ಕೇ ಕೇಳ್ತಿದ್ದೀನಿ, ಇದನ್ನ ನಿಮಗೆ ಗೊತ್ತಿರೋರಿಗೆಲ್ಲ ಕಳಿಸಿ, ಅವರು ಇನ್ನೊಬ್ಬರಿಗೆ ಕಳಿಸಲಿ. ಎಲ್ಲಿದ್ದಾಳೋ, ಒಂದು ದಿನ ಅವಳ ಕಿವಿಗೆ ಬೀಳ್ಲಿ.