ಗಾಜಿನ ಪೆಟ್ಟಿಗೆಯಲ್ಲಿ ಊದುಬತ್ತಿ ಬಟ್ಟಲು

ನಾಮ್ ದಿನ್ ಊರಿನ ಹೊಸ ಅಪಾರ್ಟ್‌ಮೆಂಟಿನ ಗಾಜಿನ ಬಾಗಿಲು ತಳ್ಳಿಕೊಂಡು ತೆಮ್ ಅಜ್ಜಿ ಒಳಗೆ ನುಗ್ಗಿದಾಗ ಅವಳ ಒಂದು ಕೈಯಲ್ಲಿ ಇಡಿಯಾಗಿ ಬೇಯಿಸಿದ ಕೋಳಿ, ಇನ್ನೊಂದರಲ್ಲಿ ಅಂಟಕ್ಕಿ ಅನ್ನದ ಬುಟ್ಟಿ. ಬೆನ್ನಿಗೆ ಗೆಳತಿ ಸೊಯ್. ಅವಳ ಹಿಂದೆ ಊರಿನ ಹಳೆ ಬಟ್ಟೆ ಮಿಲ್ಲಿನಲ್ಲಿ ಸವೆದ ಇನ್ನೊಂದಷ್ಟು ಮುದುಕಿಯರು.

"ಅಜ್ಜೀ, ಅಜ್ಜೀ! ಡೆಲಿವರಿ ಎಲ್ಲಾ ಹಿಂದಿನ ಬಾಗ್ಲು!" ಎಂದು ಕಾವಲುಗಾರ ಓಡಿಬಂದ.

"ಡೆಲಿವರಿ ಅಂತೆ, ನಿನ್ ತಲೆ! ತಿಥಿ ಮಾಡೋಕ್ ಬಂದಿದೀನಿ ಕಣೋ. ಸರಿ ಆಕಡೆ."

ತಿಥಿ ಯಾರದು ಎಂದರೆ, ಯುದ್ಧದ ಕಾಲದಲ್ಲಿ ಮಿಲ್ಲಿನ ಮೇಲೆ ಬಾಂಬು ಬಿದ್ದಾಗ ಗೇಟಿನ ಪಕ್ಕದ ಶೆಡ್ಡಿನಲ್ಲಿ ಮಗ್ಗದ ಮುಂದೆಯೇ ಸತ್ತ ಹುಡುಗಿಯರದು. ತೆಮ್‌ಳ ಪಕ್ಕದ ಮಗ್ಗದ ಲ್ಯೂ ಅವರಲ್ಲಿ ಒಬ್ಬಳು. ಗೇಟಿನ ಬಳಿ ಆಲದ ಮರದ ಕೆಳಗೆ ಅವರಿಗೊಂದು ಪುಟ್ಟ ಗುಡಿ ಇತ್ತು, ಗುಡಿಯಲ್ಲಿ ಪಿಂಗಾಣಿಯ ಊದುಬತ್ತಿ ಬಟ್ಟಲು. ಅದರ ಬೂದಿಯೊಳಗೆ ಸತ್ತವರು ಬಂದು ಕೂರುತ್ತಾರೆ. ಕೇಳದೆ ಅದನ್ನು ಒಂದು ಗೇಣು ಸರಿಸುವುದಕ್ಕೂ ಆ ಊರಿನಲ್ಲಿ ಯಾರಿಗೂ ಧೈರ್ಯವಿಲ್ಲ.

ಊರು ಅಂದರೇನು, ಆ ಮಿಲ್ಲೇ ಊರು. ಫ್ರೆಂಚರು ಕಟ್ಟಿದ್ದೇನೋ ನಿಜ. ಆದರೆ ಹಳ್ಳಿಯ ಹೆಣ್ಣುಮಕ್ಕಳ ಶ್ವಾಸಕೋಶ ಹತ್ತಿಯ ಧೂಳು ಕುಡಿಯದಿದ್ದರೆ ಆ ಗೋಡೆಗಳನ್ನು ಏನು ನೆಕ್ಕಬೇಕಿತ್ತೇ? ಆಗೆಲ್ಲ ಮಿಲ್ಲಿನ ಸೈರನ್ ಕೂಗಿದರೆ ಮನೆಮನೆಯಲ್ಲಿ ಒಲೆ ಹತ್ತಬೇಕು, ಫ಼ೊ ಶ್ಯಾವಿಗೆಯ ಅಂಗಡಿಯವನು ಮಾಂಸದ ಸಾರು ಕುದಿಯಲು ಇಡಬೇಕು, ಗಂಡಂದಿರು ಮಕ್ಕಳನ್ನೆತ್ತಿಕೊಂಡು ಗೇಟಿಗೆ ಬರಬೇಕು. ಈಗ ವಿದೇಶಿ ಕಂಪನಿಗಳಿಗೆ ಅಂಗಿ ಹೊಲಿಯುವ ಗಾರ್ಮೆಂಟ್ಸೆಲ್ಲ ಊರಾಚೆ ಎದ್ದಿವೆ. ಹಳೆ ಮಿಲ್ಲನ್ನು ಕೆಡವಿ ಈ ಗೋಪುರಗಳನ್ನು ನಿಲ್ಲಿಸಿದ್ದಾರೆ. ಗೇಟು ಇದ್ದಲ್ಲಿ ಅಮೃತಶಿಲೆಯ ಹಾಲ್. ಬಟ್ಟಲನ್ನು ಗೌರವದಿಂದ ಇಡುತ್ತೇವೆ ಎಂದು ಮಾತು ಕೊಟ್ಟ ಬಿಲ್ಡರ್ ಅದನ್ನು ಆ ಹಾಲ್‌ನ ನಡುವೆ ಗಾಜಿನ ಪೆಟ್ಟಿಗೆಗೆ ಹಾಕಿ, ಕೆಳಗೆ ಬಲ್ಬು ಉರಿಸಿ, 'ಮಿಲ್ ಕಾಲದ ಪಿಂಗಾಣಿ, ಮುಟ್ಟಬೇಡಿ' ಎಂದು ಬರೆಸಿದ್ದ. ಗೋಡೆಯ ಮೇಲೆ ಟೋಪಿ ಹಾಕಿದ ಫ್ರೆಂಚ್ ಮಾಲೀಕನ ಆಳೆತ್ತರದ ಫೋಟೋ. ಸತ್ತ ಹುಡುಗಿಯರ ಹೆಸರು ಎಲ್ಲೂ ಇಲ್ಲ.

ಫೋಟೋ ನೋಡಿಯೇ ತೆಮ್ ಅಜ್ಜಿಗೆ ಮೈ ಉರಿದುಹೋಯಿತು.

"ನೋಡೇ ಸೊಯ್, ಹೊಡೆದು ದುಡಿಸ್ದೋನು ಗೋಡೆ ಮೇಲೆ. ದುಡಿದೋಳು ಡಬ್ಬೀಲಿ."

ಅಷ್ಟರಲ್ಲಿ ಮ್ಯಾನೇಜರ್ ಖಾಂಗ್ ಬಂದ. ಬಿಳಿ ಅಂಗಿಯ, ನಗುಮುಖದ ಹುಡುಗ. ಫ್ಲ್ಯಾಟ್ ನೋಡಲು ಬಂದ ಹತ್ತಾರು ಜನ ಸೋಫಾ ಬಿಟ್ಟೆದ್ದು ಇತ್ತ ತಿರುಗಿದ್ದರು.

"ಅಜ್ಜಿ, ಇಲ್ಲಿ ಊದುಬತ್ತಿ ಹಚ್ಚೋ ಹಾಗಿಲ್ಲ. ಮೇಲೆ ನೋಡಿ, ಹೊಗೆ ಅಲಾರ್ಮ್ ಇದೆ."

"ಹೌದಾ? ಮತ್ತೆ ಅದೇನಪ್ಪಾ?" ಅಜ್ಜಿ ಮೂಲೆಯತ್ತ ಗಲ್ಲ ಎತ್ತಿದಳು. ಅವನ ಮೇಜಿನ ಪಕ್ಕ, ನೆಲದ ಮೇಲೆ, ವ್ಯಾಪಾರದ ದೇವರು ಬಾಳೆಹಣ್ಣು ಸಿಗರೇಟು ಮುಂದಿಟ್ಟುಕೊಂಡು ಕೂತಿದ್ದ. ಅವನ ಮುಂದೆ ಊದುಬತ್ತಿ ಕೆಂಪಗೆ ಉರಿಯುತ್ತಿತ್ತು.

"ಅದು ಕರೆಂಟಿಂದು ಅಜ್ಜಿ."

"ದೇವ್ರಿಗೇ ಬಲ್ಬು ಹಚ್ಚಿ ಮೋಸ ಮಾಡೋನು ನಮ್ಮನ್ನ ಬಿಡ್ತೀಯಾ? ಪೆಟ್ಟಿಗೆ ತೆಗಿ. ನಮ್ಮ ಬಟ್ಟಲು ನಮ್ಮನೆಗೆ ತಗೊಂಡು ಹೋಗ್ತೀವಿ."

ಜನ ಕಿಸಕ್ಕೆಂದರು. ಖಾಂಗ್‌ಗೆ ಮುಖ ಕೆಂಪಾಯಿತು. ಗಿರಾಕಿಗಳ ಮುಂದೆ ಮುದುಕಿಯರನ್ನು ಎಳೆದು ಹಾಕುವಂತಿಲ್ಲ. ಅವನಿಗೊಂದು ಉಪಾಯ ಹೊಳೆಯಿತು.

"ಸತ್ತೋರನ್ನ ಕೇಳ್ದೆ ಹೆಂಗೆ ಕರ್ಕೊಂಡು ಹೋಗ್ತೀರಿ? ನಾಣ್ಯ ಹಾಕಿ ಕೇಳಿ. ಇಷ್ಟು ಜನರ ಮುಂದೆ ಹೇಳ್ತಿದೀನಿ, ನಾಣ್ಯ ಏನು ಹೇಳುತ್ತೋ ಅದಕ್ಕೆ ನಾನೂ ಬದ್ಧ."

ಅಜ್ಜಿ ಸೊಂಟದ ಚೀಲದಿಂದ ಎರಡು ಹಳೆಯ ನಾಣ್ಯ ತೆಗೆದಳು. ಎರಡರ ಒಂದೊಂದು ಮುಖಕ್ಕೂ ಎಲೆಯಡಿಕೆಯ ಸುಣ್ಣ ಬಳಿದಿತ್ತು, ಇನ್ನೊಂದು ಮುಖ ಹಳತಾಗಿ ಕಪ್ಪಗಿತ್ತು. ತಟ್ಟೆಗೆ ಎಸೆದಾಗ ಒಂದು ಬಿಳಿ, ಒಂದು ಕಪ್ಪು ಬಿದ್ದರೆ ಸತ್ತವರು ಒಪ್ಪಿದರು ಅಂತ. ಎರಡೂ ಒಂದೇ ಬಣ್ಣವಾದರೆ ಇಲ್ಲ ಅಂತ. ಒಂದು ಪ್ರಶ್ನೆಯನ್ನು ಮೂರು ಸಲ ಕೇಳಬಹುದು.

ಅಜ್ಜಿ ಕೋಳಿಯನ್ನು ಪೆಟ್ಟಿಗೆಯ ಮುಂದಿಟ್ಟು, ಲ್ಯೂ ಮೊದಲಾಗಿ ಎಲ್ಲ ಹುಡುಗಿಯರ ಹೆಸರನ್ನೂ ಅವರವರ ಹಳ್ಳಿಯ ಹೆಸರನ್ನೂ ಗಟ್ಟಿಯಾಗಿ ಹೇಳಿ, "ನಮ್ಮನೆಗೆ ಬರ್ತೀರೇನ್ರೇ?" ಎಂದು ಸೊಯ್ ಮುಂದಿಟ್ಟ ತಟ್ಟೆಗೆ ನಾಣ್ಯ ಎಸೆದಳು.

ಎರಡೂ ಬಿಳಿ.

ಇನ್ನೊಮ್ಮೆ. ಎರಡೂ ಕಪ್ಪು.

ಮತ್ತೊಮ್ಮೆ. ಎರಡೂ ಕಪ್ಪು.

"ನೋಡಿದ್ರಾ?" ಖಾಂಗ್ ಗಿರಾಕಿಗಳತ್ತ ತಿರುಗಿ ಕೈ ಚೆಲ್ಲಿದ. "ಅವರಿಗೂ ನಮ್ಮ ಏಸಿ ಹಾಲೇ ಇಷ್ಟ!"

ಹಾಲ್ ತುಂಬ ನಗು. ಅಜ್ಜಿಗೆ ಈಗ ಮ್ಯಾನೇಜರನಿಗಿಂತ ಸತ್ತವಳ ಮೇಲೆ ಸಿಟ್ಟು ಬಂತು.

"ಲೇ ಲ್ಯೂ, ಏನೇ ದೊಡ್ರೋಗ ನಿಂಗೆ? ನಿನಗೋಸ್ಕರ ಮರ್ಯಾದೆ ಬಿಟ್ಟು ಬಂದ್ರೆ ಈ ಡಬ್ಬೀಲೇ ಕೂತಿರ್ತೀಯಾ? ಬದುಕಿದ್ದಾಗ್ಲೂ ಹಿಂಗೇ, ಹಟಮಾರಿ!"

ಸೊಯ್ ಅವಳ ತೋಳು ಹಿಡಿದಳು. "ಬೈಬೇಡ್ವೇ ಅಕ್ಕಾ. ಪಾಳಿ ಬದಲಾಗೋದು ಹೆಂಗೆ ಅಂತ ಮರ್ತ್‌ಬಿಟ್ಯಾ? ಮುಂದಿನ ಪಾಳಿಯೋಳು ಬಂದು ಭುಜ ತಟ್ಟೋ ತನಕ ಮಗ್ಗ ಬಿಡೋ ಹಾಗಿತ್ತಾ? ಅವತ್ತು ಇವರ ಭುಜ ಯಾರು ತಟ್ಟಿದ್ರು? ಪಾಳಿ ಇನ್ನೂ ಮುಗಿದಿಲ್ಲ ಕಣೇ ಇವರ್ದು. ಹೆಂಗೆ ಎದ್ದು ಬರ್ತಾರೆ?"

ತೆಮ್ ಅಜ್ಜಿ ಕಾಲಡಿಯ ಹೊಳೆಯುವ ನೆಲವನ್ನೇ ನೋಡುತ್ತ ನಿಂತಳು. ಗೇಟು ಇದ್ದದ್ದು ಇಲ್ಲೇ. ಶೆಡ್ಡು ಇದ್ದದ್ದು ಅಲ್ಲಿ, ಆ ಸೋಫಾ ಇರುವಲ್ಲಿ. ಅವರು ಹೋಗುವುದಾದರೂ ಎಲ್ಲಿಗೆ? ಅವರ ಜಾಗ ಇದು. ಆಮೇಲೆ ಬಂದು ಕೂತವರು ಇವರು.

ಅವಳು ಮತ್ತೆ ನಾಣ್ಯ ಎತ್ತಿಕೊಂಡಳು.

"ಆಯ್ತಲ್ಲಾ ಅಜ್ಜಿ, ಮೂರು ಸಲ ಆಯ್ತು," ಎಂದ ಖಾಂಗ್.

"ಅದು ಬೇರೆ ಪ್ರಶ್ನೆ, ಇದು ಬೇರೆ. ಸುಮ್ನಿರು. ಲ್ಯೂ, ಸರಿ ಬಿಡು, ಇಲ್ಲೇ ಇರು. ಈ ಗಾಜು ಬೇಡ ಅಲ್ವೇನೇ ನಿಂಗೆ? ತೆಗಿಸ್ಲಾ?"

ನಾಣ್ಯಗಳು ತಟ್ಟೆಯಲ್ಲಿ ಗಿರಗಿರ ತಿರುಗಿದವು. ಒಂದು ಬಿತ್ತು, ಬಿಳಿ. ಇನ್ನೊಂದು ಅಂಚಿಗೆ ತಾಗಿ ಮಗುಚಿತು. ಕಪ್ಪು.

ಈ ಸಲ ಯಾರೂ ನಗಲಿಲ್ಲ. ಫ್ಲ್ಯಾಟ್ ನೋಡಲು ಬಂದ ತುಂಬು ಬಸುರಿಯೊಬ್ಬಳು ಗಂಡನ ಕೈ ಹಿಡಿದು, "ಈಗಲೇ ತೆಗೆಸೋಕೆ ಹೇಳ್ರೀ. ಇಲ್ಲಾಂದ್ರೆ ನಾನಂತೂ ಈ ಬಿಲ್ಡಿಂಗಿಗೆ ಕಾಲಿಡಲ್ಲ," ಎಂದಳು. ಖಾಂಗ್ ಮೂಲೆಯ ದೇವರತ್ತ ಒಮ್ಮೆ, ಜನರತ್ತ ಒಮ್ಮೆ ನೋಡಿದ. ಬದ್ಧ ಎಂದು ಕೂಗಿ ಹೇಳಿದವನು ಅವನೇ. ಜೇಬಿನಿಂದ ಬೀಗದ ಕೈ ತೆಗೆದು ತಾನೇ ಗಾಜು ಎತ್ತಿದ.

ಅಜ್ಜಿ ಮೂರು ಊದುಬತ್ತಿ ಹಚ್ಚಿ ಬೂದಿಗೆ ನೆಟ್ಟಳು. ಹೊಗೆ ಸಣ್ಣಗೆ ಮೇಲೇರಿತು. ಮರುಕ್ಷಣ ಛಾವಣಿಯಿಂದ ಅಲಾರ್ಮ್ ಕಿವಿ ಹರಿಯುವಂತೆ ಅರಚಿತು. ಗಿರಾಕಿಗಳು ಬಾಗಿಲಿಗೆ ಓಡಿದರು. ಖಾಂಗ್ ಕಿವಿ ಮುಚ್ಚಿಕೊಂಡು, "ಅಜ್ಜೀ, ಆಚೆ ಬನ್ನಿ! ಎಲ್ಲರೂ ಆಚೆ!" ಎಂದು ಕೂಗಿದ.

ಒಬ್ಬ ಮುದುಕಿಯೂ ಅಲುಗಲಿಲ್ಲ. ಅವರೆಲ್ಲ ಮಗ್ಗದ ಮುಂದಿನ ಹಳೆಯ ರೂಢಿಯಂತೆ ಸಾಲಾಗಿ ನಿಂತುಬಿಟ್ಟಿದ್ದರು.

"ಮೂರು ಕಡ್ಡಿ ಹೊಗೆಗೆ ಎಷ್ಟು ಬೇಗ ಕೂಗ್ತದೆ ನೋಡೇ ಸೊಯ್," ಎಂದಳು ತೆಮ್ ಅಜ್ಜಿ, ಬಟ್ಟಲಿನಿಂದ ಕಣ್ಣು ತೆಗೆಯದೆ. "ಅವತ್ತು ವಿಮಾನ ತಲೆ ಮೇಲೆ ಬಂದ್ರೂ ನಮ್ಮ ಸೈರನ್ ಕೂಗ್ಲಿಲ್ಲ. ಬಾಂಬು ಬಿದ್ದ್ ಮೇಲೆ ಕೂಗ್ತು."

ಆಮೇಲೆ ಅವಳು ಕೈ ಒರೆಸಿಕೊಂಡು ಕೋಳಿಯ ಕಾಲು ಮುರಿದು ಲ್ಯೂಗೆ ಬಡಿಸಿದಳು.